ಸಸಾಣಕ್ಕೆ ಕಟ್ಟಿದ ಹಕ್ಕಿ

ಚಿಕ್ಕೋಡಿ
೧೪ ಜುಲೈ ೨೦೨೪

ಕುಸುಮಾ,

ನಾನು ನಿನ್ನ ಗಂಡನ ಅಕ್ಕ, ಹಿರಿಯಳು. ಆಶೀರ್ವಾದ ಬರೆದು ಪತ್ರ ಶುರು ಮಾಡುವುದು ಪದ್ಧತಿ. ನನ್ನ ಆಶೀರ್ವಾದ ನಿನಗೆ ಯಾವ ಕೆಲಸಕ್ಕೂ ಬಾರದು ಎಂದು ಗೊತ್ತಿರುವುದರಿಂದ ಅದನ್ನು ಬಿಟ್ಟಿದ್ದೇನೆ. ನಾವೆಲ್ಲ ಇಲ್ಲಿ ಕ್ಷೇಮ ಎಂದೂ ಬರೆಯುವುದಿಲ್ಲ. ನಿನ್ನ ತವರು ಮುಗಳಖೋಡಕ್ಕೆ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ನಿಮ್ಮಣ್ಣ ಸಮಾಧಾನ ಅವರೇ ಫೋನ್ ಎತ್ತಿದರು, ನನ್ನ ದನಿ ಕೇಳಿ ಇಟ್ಟುಬಿಟ್ಟರು. ಹೆಸರಿಗೆ ತಕ್ಕ ಮನುಷ್ಯ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಅದಕ್ಕೇ ಈಗ ರಜಿಸ್ಟರ್ ಪೋಸ್ಟ್. ಅಕ್ಷರ ಕೆಟ್ಟದಾಗಿದ್ದರೆ ತಾಳಿಕೋ. ದಿನವೆಲ್ಲ ಕೋರ್ಟಿನ ಎದುರು ತಾಡಪತ್ರಿ ಚಪ್ಪರದ ಕೆಳಗೆ ಕೂತು ಬೇರೆಯವರ ಅರ್ಜಿ ಟೈಪ್ ಮಾಡುವವಳಿಗೆ ಕೈಬರಹ ಮರೆತೇ ಹೋಗಿದೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ವಿಷ ಕುಡಿಯಲಿಲ್ಲ. ನಿನ್ನ ಮಾತಿಗೆ ನೊಂದು ಜೀವ ಕಳೆದುಕೊಳ್ಳಲಿಲ್ಲ. ನನ್ನ ಗಂಡ ಒಂದು ಸಸಾಣವನ್ನು, ಪಾರಿವಾಳ ಹಿಡಿಯುವ ಬೇಟೆಹಕ್ಕಿಯನ್ನು, ಕೊಲ್ಲಲು ಇಟ್ಟ ವಿಷ ಅಪ್ಪನ ಬಾಯಿಗೆ ಹೋಯಿತು. ಇದು ನನಗೆ ಗೊತ್ತಾಗಿ ಒಂದು ತಿಂಗಳಾಯಿತು. ಒಂದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆಯಾ ಎಂದು ನೀನು ಕೇಳಬಹುದು. ಹೌದು, ಕೂತಿದ್ದೆ.

ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಅಪ್ಪ ಹೋದ. ಅದಕ್ಕೆ ಎರಡು ದಿನ ಮೊದಲು ಶಿರಗುಪ್ಪಿಯ ಮಾಳಿಗೆಯ ಮೇಲೆ ನೀನು ಶಾವಿಗೆ ಒಣಹಾಕಿದ್ದೆ, ಅಪ್ಪನ ಪಾರಿವಾಳಗಳು ಅದರ ಮೇಲೆಲ್ಲ ಹೇತು ಹಾಳು ಮಾಡಿದ್ದವು. ಮೂರು ದಿನ ಬೆನ್ನು ಬಗ್ಗಿಸಿ ಹೊಸೆದ ಶಾವಿಗೆ. ಸಿಟ್ಟು ಬಂತು, ಈ ಮನೆಯಲ್ಲಿ ಹಕ್ಕಿ ಇರಬೇಕು, ಇಲ್ಲಾ ನಾನಿರಬೇಕು ಎಂದೆ. ಯಾರಿಗೆ ಬರುವುದಿಲ್ಲ ಸಿಟ್ಟು? ಓಣಿಯವರು ಕೇಳಿಸಿಕೊಂಡರು. ಅಪ್ಪ ಸತ್ತ ದಿನ ಸಂಜೆಯ ಹೊತ್ತಿಗೆ ಆ ಮಾತು, ಮಾವ ಇರಬೇಕು ಇಲ್ಲಾ ನಾನಿರಬೇಕು ಎಂದಾಗಿತ್ತು. ವಾರದ ನಂತರ ಠಾಣೆಗೆ ಕೊಟ್ಟ ಅರ್ಜಿಯಲ್ಲಿ ಅದೇ ಮಾತು, "ನೀನು ಸತ್ತರೆ ಈ ಮನೆ ಸ್ವಚ್ಛವಾಗುತ್ತದೆ ಎಂದು ಪದೇ ಪದೇ ಹೀಯಾಳಿಸಿ ಮಾನಸಿಕ ಕಿರುಕುಳ ನೀಡುತ್ತಿದ್ದಳು" ಎಂದಾಯಿತು.

ಆ ಅರ್ಜಿ ಯಾವ ವಕೀಲರೂ ಬರೆದದ್ದಲ್ಲ, ಕುಸುಮಾ. ಟೈಪ್ ಮಾಡಿದವಳು ನಾನು. ನಿನ್ನ ಗಂಡ ಹಾಲೇಶ ಪಕ್ಕದಲ್ಲಿ ಕೂತು ಅಳುತ್ತಾ ಹೇಳಿದ, ಅವನು ಹೇಳಿದ್ದನ್ನು ನಾನು ಚಂದ ಮಾಡಿದೆ. "ಪದೇ ಪದೇ", "ಮಾನಸಿಕ ಕಿರುಕುಳ", ಇವೆಲ್ಲ ನನ್ನ ಬೆರಳುಗಳಿಗೆ ರೂಢಿ. ವಾರಕ್ಕೆ ನಾಲ್ಕು ಬಾರಿಯಾದರೂ ಹೊಡೆಯುತ್ತೇನೆ. ಆ ಕಾಗದದ ಬಲದ ಮೇಲೆ ದಿನಕರ್ಮ ಮುಗಿದ ಮಾರನೇ ದಿನ ನಿನ್ನನ್ನು ತವರಿಗೆ ಕಳಿಸಿದರು, ನಿನ್ನ ಆರು ವರ್ಷದ ಮಗಳು ಕೋಮಲಳನ್ನು ಇಟ್ಟುಕೊಂಡರು. ಪೊಲೀಸರು ನಿನ್ನನ್ನು ಹಿಡಿದೊಯ್ಯಲಿಲ್ಲ, ಅಷ್ಟೇ ಪುಣ್ಯ. ಅಪ್ಪ ತಾನಾಗಿಯೇ ಔಷಧ ಕುಡಿದ ಎಂದು ಬರೆದುಕೊಂಡು ಅವರು ಮುಗಿಸಿದರು. ಸೊಸೆ ಕೊಂದಳು ಎಂದು ಬರೆದುಕೊಂಡು ಊರು ಮುಗಿಸಿತು.

ಈಗ ಅಂದಿನದನ್ನು ಹೇಳುತ್ತೇನೆ. ನನ್ನ ಗಂಡನನ್ನು ಈ ಪತ್ರದಲ್ಲಿ ಸಂಗ್ರಾಮ ಎಂದೇ ಬರೆಯುತ್ತೇನೆ. ಹದಿನಾಲ್ಕು ವರ್ಷ ಅವನ ಹೆಸರು ಬಾಯಲ್ಲಿ ಹೇಳಿದವಳಲ್ಲ ನಾನು. ಬರೆಯಲು ಶುರು ಮಾಡಿದರೆ ಏನೂ ಕಷ್ಟವಿಲ್ಲ, ಬೇರೆ ಯಾವ ಹೆಸರಿನ ಹಾಗೆಯೇ ಇದೆ.

ಸಂಗ್ರಾಮನ ಪಾರಿವಾಳದ ಹುಚ್ಚು ನಿನಗೆ ಗೊತ್ತು. ಅಪ್ಪನ ಹುಚ್ಚೂ ಗೊತ್ತು. ಆದರೆ ಎರಡೂ ಒಂದೇ ಹುಚ್ಚಲ್ಲ. ಅಪ್ಪ ಕುರಿ ಮಾರಿದ ಮೇಲೆ ಕೈ ಖಾಲಿ ಅನ್ನಿಸಿ ಹಕ್ಕಿ ಸಾಕಿದವನು. ಸಂಗ್ರಾಮನದು ಪಂದ್ಯ. ಬೆಳಿಗ್ಗೆ ಆರೂವರೆಗೆ ಹಾರಿಸುತ್ತಾರೆ, ಪಂಚರು ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಗಡಿಯಾರ ಹಿಡಿದು ಮೇಲೆ ನೋಡುತ್ತಾ ಕೂರುತ್ತಾರೆ. ಯಾರ ಹಕ್ಕಿ ಸಂಜೆಯವರೆಗೂ ಮುಗಿಲಲ್ಲಿದ್ದು ತನ್ನ ಮನೆಯ ಮೇಲೇ ಇಳಿಯುತ್ತದೋ ಅವನಿಗೆ ಬಹುಮಾನದ ಢಾಲು, ಹಾರ, ಮೆರವಣಿಗೆ. ಆಕಾಶದಲ್ಲಿ ಯಾರದು ಯಾವುದು ಎಂದು ಗುರುತು ಸಿಗಲಿ ಎಂದು ಹಕ್ಕಿಯ ಕುತ್ತಿಗೆಗೆ, ರೆಕ್ಕೆಗೆ ಬಣ್ಣ ಹಚ್ಚುತ್ತಾರೆ. ಈ ಬಣ್ಣದ ಮಾತನ್ನು ನೆನಪಿಟ್ಟುಕೋ.

ಎರಡು ವರ್ಷದಿಂದ ಸಂಗ್ರಾಮ ಸೋಲುತ್ತಿದ್ದ. ಸೋಲಿಸುತ್ತಿದ್ದದ್ದು ಒಂದು ಸಸಾಣ. ಪುಸ್ತಕದ ಕನ್ನಡದಲ್ಲಿ ಅದಕ್ಕೆ ಬೈರಿ ಎನ್ನುತ್ತಾರಂತೆ. ಹದ್ದಿಗಿಂತ ಚಿಕ್ಕದು, ಕಪ್ಪು ಮೀಸೆ ಬಿಟ್ಟವರ ಹಾಗೆ ಮುಖ. ಕೋರ್ಟಿನ ಪಕ್ಕದ ಮೊಬೈಲ್ ಟವರಿನ ಮೇಲೆ ಕೂರುತ್ತಿತ್ತು. ಮುಗಿಲಿನಿಂದ ಕಲ್ಲು ಬಿದ್ದ ಹಾಗೆ ಬಂದು ಹಾರುವ ಪಾರಿವಾಳವನ್ನು ಹಾರುತ್ತಿರುವಾಗಲೇ ಹೊಡೆಯುತ್ತಿತ್ತು. ಹೊಡೆಯದಿದ್ದರೂ ಸಾಕು, ಅದರ ನೆರಳು ಕಂಡರೇ ಪಂದ್ಯದ ಹಕ್ಕಿಗಳು ಹೆದರಿ ಯಾರದೋ ಮನೆಯ ಮೇಲೆ ಇಳಿದುಬಿಡುತ್ತಿದ್ದವು.

ನನಗೆ ಆ ಸಸಾಣದ ಮೇಲೆ ಸಿಟ್ಟಿರಲಿಲ್ಲ. ಅದು ಟವರಿನ ಮೇಲೆ ಕೂತು ಊಟ ಮಾಡುವಾಗ ಬಿಡಿಸಿದ ಪುಕ್ಕಗಳು ತೇಲಿಕೊಂಡು ಬಂದು ನನ್ನ ಟೇಬಲ್ಲಿನ ಮೇಲೆ, ಯಾರದೋ ಜಮೀನಿನ ತಕರಾರಿನ ಮೇಲೆ ಬೀಳುತ್ತಿದ್ದವು. ಊದಿ ಮುಂದಿನ ಸಾಲು ಹೊಡೆಯುತ್ತಿದ್ದೆ. ಚಹಾದ ಭರಮು, ನೋಡ್ರಿ ಅಕ್ಕಾರ, ನಿಮ್ಮ ಅರ್ಜಿಗೆ ಮ್ಯಾಲಿಂದ ಸಹಿ ಬಂತು ಎಂದು ಚೇಷ್ಟೆ ಮಾಡುತ್ತಿದ್ದ. ಅಪ್ಪನಿಗೆ ಇದನ್ನು ಹೇಳಿದರೆ ಖುಷಿಪಡುತ್ತಿದ್ದ. ಅವನದೂ ವರ್ಷಕ್ಕೊಂದೆರಡು ಹಕ್ಕಿ ಸಸಾಣಕ್ಕೆ ಹೋಗುತ್ತಿದ್ದವು. ಕುರಿ ಕಾಯುವಾಗ ತೋಳಕ್ಕೊಂದು ಹೋಗುತ್ತಿತ್ತು, ಈಗ ಇದಕ್ಕೊಂದು ಹೋಗುತ್ತದೆ ಎಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಸಂಗ್ರಾಮ ಹಾಗೆ ಬಿಡುವವನಲ್ಲ. ಸಸಾಣವನ್ನು ಕೊಲ್ಲುವುದು ಕಾನೂನಿಗೆ ವಿರುದ್ಧ, ಸಿಕ್ಕರೆ ಜಾಮೀನಿಗೂ ಒದ್ದಾಡಬೇಕು ಎಂಬುದು ಪಂದ್ಯ ಆಡಿಸುವ ಎಲ್ಲರಿಗೂ ಗೊತ್ತು. ಒಂದು ಬೇಡಾದ ಪಾರಿವಾಳಕ್ಕೆ ವಿಷ ಬಳಿದು ಮಾಳಿಗೆಯ ಮೇಲೆ ದಾರದಿಂದ ಕಟ್ಟುವುದೂ ಎಲ್ಲರಿಗೂ ಗೊತ್ತು. ಸಸಾಣ ಬರುತ್ತದೆ, ಒಯ್ಯುತ್ತದೆ, ತಿನ್ನುತ್ತದೆ, ಎಲ್ಲೋ ದೂರ ಬೀಳುತ್ತದೆ. ಬಿದ್ದದ್ದಕ್ಕೂ ಕಟ್ಟಿದ್ದಕ್ಕೂ ನಂಟು ಹಚ್ಚುವವರಾರು? ನಮ್ಮ ಎರಡು ಎಕರೆ ಕಬ್ಬಿಗೆ ತಂದ ಹುಳದ ಔಷಧ ಮನೆಯಲ್ಲೇ ಇತ್ತು. ಅದರ ಬಣ್ಣ ನೇರಳೆ.

ಅವನು ಕಟ್ಟಿದ ಹಕ್ಕಿ ನಮ್ಮ ಬೂದಿ. ಒಂದು ಕಣ್ಣು ಬಿಳಿ ಇದ್ದ ಬೂದಿಬಣ್ಣದ ಹೆಣ್ಣು, ನಿನಗೆ ನೆನಪಿರುತ್ತದೆ, ನಿನ್ನ ಹಿಟ್ಟಿನ ಬುಟ್ಟಿಯಲ್ಲಿ ಮೊಟ್ಟೆ ಇಟ್ಟಿತ್ತು. ಅಳಿಯ ಕೇಳಿದ ಎಂದು ಅಪ್ಪ ಫೆಬ್ರವರಿಯಲ್ಲಿ ಕೊಟ್ಟಿದ್ದ. ಇಲ್ಲಿ ಹಾರಿಸಿದಾಗೆಲ್ಲ ಅದು ನೆಟ್ಟಗೆ ಶಿರಗುಪ್ಪಿಗೆ ಹೋಗುತ್ತಿತ್ತು. ಎರಡು ಸಲ ಅಪ್ಪನೇ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ತಂದುಕೊಟ್ಟ. ತವರು ಬಿಡದ ಹಕ್ಕಿ ಪಂದ್ಯಕ್ಕೆ ಯಾತಕ್ಕೂ ಬಾರದು. ಅಪ್ಪ ಹೋದ ದಿನ ಬೆಳಿಗ್ಗೆ ಸಂಗ್ರಾಮ ಅದರ ಕುತ್ತಿಗೆಗೂ ಬೆನ್ನಿಗೂ ಆ ಔಷಧ ಬಳಿದು ನೀರಿನ ಟಾಕಿಯ ಪಕ್ಕ ಕಟ್ಟಿದ. ಬೂದಿ ದಾರ ಹರಿದುಕೊಂಡು ಹಾರಿತು. ಎಲ್ಲಿಗೆ ಹೋಯಿತು ಎಂದು ನಿನಗೆ ಹೇಳಬೇಕಾಗಿಲ್ಲ.

ಅಪ್ಪ ಬಾಯಿನೀರು ಕೊಡುವುದನ್ನು ಕಂಡರೆ ನಿನಗೆ ಹೇಸಿಗೆ ಆಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಆಗುತ್ತಿತ್ತು. ಬಾಯ್ತುಂಬ ನೀರು ತುಂಬಿಕೊಂಡು, ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಕೊಕ್ಕನ್ನು ತುಟಿಗಳ ನಡುವೆ ಇಟ್ಟುಕೊಂಡು ಕುಡಿಸುತ್ತಿದ್ದ. ಮರಿಗಳಿಗೆ ಎಲ್ಲರೂ ಹಾಗೆ ಕೊಡುತ್ತಾರೆ. ಅಪ್ಪ ದೂರದಿಂದ ಬಂದ ದೊಡ್ಡ ಹಕ್ಕಿಗೂ ಕೊಡುತ್ತಿದ್ದ. ಹಾಗೆ ಕೊಟ್ಟರೆ ಅದು ಮನೆ ಮರೆಯುವುದಿಲ್ಲ ಎಂದು ಅವನ ನಂಬಿಕೆ. ಯಾರಾದರೂ ಬಣ್ಣ ಹಚ್ಚಿ ಕಳಿಸಿದ್ದರಂತೂ ಸಹಿಸುತ್ತಿರಲಿಲ್ಲ. ಹೆಬ್ಬೆರಳನ್ನು ನಾಲಗೆಗೆ ಒತ್ತಿ ಒರೆಸುವುದು, ಮತ್ತೆ ನಾಲಗೆಗೆ ಒತ್ತುವುದು, ಮತ್ತೆ ಒರೆಸುವುದು. ಅಂದು ಅವನು ಪಂದ್ಯದ ಬಣ್ಣ ಒರೆಸುತ್ತಿದ್ದೇನೆ ಎಂದುಕೊಂಡ.

ನೀನು ಅಡುಗೆಮನೆಯಲ್ಲಿದ್ದೆ. ಕೋಮಲ ಮೆಟ್ಟಿಲ ಮೇಲೆ ಕೂತಿದ್ದಳು. ಅಜ್ಜ ಬಣ್ಣ ತಿಂದ, ಅಜ್ಜನ ಬಾಯಿ ನೇರಳೆ ಹಣ್ಣು ತಿಂದಂಗ ಆಗೇತಿ ಎಂದು ಆ ಮಗು ಬಂದವರಿಗೆಲ್ಲ ಹೇಳಿತು. ಹಿರಿಯರು ತಲೆ ನೇವರಿಸಿ ಸುಮ್ಮನಾಗಿಸಿದರು. ತುಟಿಯ ನೇರಳೆ ಬಣ್ಣ ನೋಡಿ, ಬಾಯಿಯ ನೊರೆ ನೋಡಿ, ಕಬ್ಬಿನ ಔಷಧ ಕುಡಿದಿದ್ದಾನೆ ಎಂದು ಎಲ್ಲರೂ ಒಂದೇ ಮಾತಿಗೆ ಬಂದರು. ಡಬ್ಬಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನ ಬೂದಿಯೂ ಗೂಡಿನಲ್ಲಿ ಸತ್ತುಬಿದ್ದಿತ್ತು. ಒಡೆಯನ ಹಿಂದೆ ಮೂಕ ಹಕ್ಕಿಯೂ ಜೀವ ಬಿಟ್ಟಿತು, ಸೊಸೆಗಿಲ್ಲದ ಮಾಯೆ ಅದಕ್ಕಿತ್ತು ಎಂದು ಊರ ಹೆಂಗಸರು ಕಣ್ಣೀರು ಹಾಕಿದರು. ಹಾಲೇಶ ಅದನ್ನು ಅಪ್ಪನ ಗೋರಿಯ ಪಕ್ಕವೇ ಹೂಳಿದ. ಈಗಲೂ ಅಲ್ಲಿ ಯಾರೋ ಹೂವು ಇಡುತ್ತಾರೆ. ವಿಷ ಬಳಿದ ಹಕ್ಕಿಗೆ ಹೂವು, ನಿನಗೆ ಶಾಪ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ನೀನು ಮಾತ್ರ ಒಂದೇ ಮಾತು ಹಿಡಿದು ನಿಂತೆ. "ಮುಂಜಾನೆ ಯಾರದೋ ಫೋನ್ ಬಂತ್ರಿ. ಮಾವಾರು ನಕ್ಕೋತ ಮಾಳಗಿ ಹತ್ತಿದ್ರು. ಸಾಯೋ ಮನಷ್ಯಾ ನಗತಾನೇನ್ರಿ?" ಠಾಣೆಯ ಸಾಹೇಬರು ಅಪ್ಪನ ಫೋನ್ ತೆಗೆದು ನೋಡಿದರು. ಬೆಳಗಿನ ಯಾವ ಕರೆಯೂ ಅದರಲ್ಲಿ ಇರಲಿಲ್ಲ. ಅಲ್ಲಿಂದ ನೀನು ಕೆಟ್ಟವಳಷ್ಟೇ ಅಲ್ಲ, ಸುಳ್ಳಿಯೂ ಆದೆ. ಆ ಫೋನಿನ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಅವ್ವನ ಜೊತೆ ಶಿರಗುಪ್ಪಿಯಲ್ಲೇ ತಿಂಗಳ ಮೇಲೆ ಉಳಿದೆ. ಜೂನ್ ಮೊದಲ ವಾರ ಕೋರ್ಟಿನ ಎದುರು ಮತ್ತೆ ಟೇಬಲ್ ಹಾಕಿದೆ. ನಾಲ್ಕು ದಿನ ಕೂತ ಮೇಲೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಪುಕ್ಕ ಬೀಳುತ್ತಿರಲಿಲ್ಲ. ಭರಮುವನ್ನು ಕೇಳಿದೆ. ನಾನು ಊರಿಗೆ ಹೋಗಿದ್ದ ವಾರವೇ ಸಸಾಣ ನನ್ನ ತಾಡಪತ್ರಿಯ ಮೇಲೇ ಬಿದ್ದಿತ್ತಂತೆ. ಇನ್ನೂ ಜೀವವಿತ್ತು, ರೆಕ್ಕೆ ಹರಡಿಕೊಂಡು ತಲೆ ತಿರುಗಿಸುತ್ತಿತ್ತು, ಹತ್ತಿರ ಹೋದರೆ ಕಣ್ಣು ಬಿಟ್ಟು ನೋಡುತ್ತಿತ್ತು. ಅರ್ಧ ಗಂಟೆ ತೆಗೆದುಕೊಂಡಿತು ಎಂದ. ಟವರಿನ ಕೆಳಗೆ ಅರ್ಧ ತಿಂದ ಪಾರಿವಾಳ ಸಿಕ್ಕಿತು. ಅರಣ್ಯ ಇಲಾಖೆಯವರು ಬಂದು ಎರಡನ್ನೂ ಒಯ್ದರು. ಭರಮು ತನ್ನ ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದ. ಪಾರಿವಾಳದ ಕುತ್ತಿಗೆ ನೇರಳೆಯಾಗಿತ್ತು. ಬೂದಿ ಹೋದ ಮೇಲೆ ಸಂಗ್ರಾಮ ಇನ್ನೊಂದನ್ನು ಕಟ್ಟಿದ್ದ, ಅಷ್ಟೇ. ಕೋಮಲಳ ನೇರಳೆ ಹಣ್ಣು ಆಗ ನೆನಪಾಯಿತು.

ಅಂದು ಸಂಜೆ ಸಂಗ್ರಾಮನನ್ನು ಕೇಳಿದೆ. ಮೇ ತಿಂಗಳ ಪಂದ್ಯದಲ್ಲಿ ಗೆದ್ದ ಢಾಲನ್ನು ಅವನು ಗೋಡೆಗೆ ಹೊಡೆಯುತ್ತಿದ್ದ. ಮಾವ ಸತ್ತು ಇಪ್ಪತ್ತು ದಿನಕ್ಕೆ ಪಂದ್ಯ ಆಡಿದ್ದಾನೆ, ನನಗೆ ಅದೂ ಗೊತ್ತಿರಲಿಲ್ಲ. ಮೊದಲು ಇಲ್ಲ ಎಂದ. ಆಮೇಲೆ ಮೊಳೆಯನ್ನು ಬಾಯಿಂದ ತೆಗೆದು ನಿಧಾನವಾಗಿ ಹೇಳಿದ.

"ಸಸಾಣ ಹೊಡದದ್ದು ಹೊರಗ ಬಂದ್ರ ನನಗ ಜೇಲ ಐತಿ. ಮಾವಾರದು ಮುಗದ ಕೇಸು. ಮುಗದದ್ದನ್ನ ಯಾಕ ಕೆದರತಿ?"

ನೋಡು, ಅವನ ಲೆಕ್ಕಾಚಾರ ಎಷ್ಟು ಸರಿ ಇದೆ. ಹಕ್ಕಿ ಸತ್ತದ್ದಕ್ಕೆ ಕೇಳುವವರಿದ್ದಾರೆ. ಅಪ್ಪ ಸತ್ತದ್ದಕ್ಕೆ ನೀನಿದ್ದೀಯಲ್ಲ, ಇನ್ನು ಯಾರನ್ನು ಕೇಳಬೇಕು? ಅವನಿಗೆ ಅಪ್ಪನ ಸಾವಿನ ಕಾರಣ ಆ ದಿನವೇ ಹೊಳೆದಿತ್ತು. ಗೂಡಿನಲ್ಲಿ ಬೂದಿಯನ್ನು ಮೊದಲು ನೋಡಿದವನೇ ಅವನು. ನೀನು ಅಂಗಳದಲ್ಲಿ ಬೈಗುಳ ತಿನ್ನುತ್ತಾ ನಿಂತಿದ್ದಾಗ ಅವನು ಶಾಮಿಯಾನ ಕಟ್ಟಿಸುತ್ತಿದ್ದ. ಎಷ್ಟು ಒಳ್ಳೆಯ ಅಳಿಯ ಎಂದು ಜನ ಅಂದರು.

ಹಾಲೇಶನಿಗೂ ಹೇಳಿದೆ. ನಿನ್ನ ಗಂಡ ಅಳುತ್ತಾನೆ, ನಿನ್ನನ್ನು ಕರೆತರಲು ಓಡುತ್ತಾನೆ ಎಂದುಕೊಂಡಿದ್ದೆ. ಅವನು ಓಡಲಿಲ್ಲ. ಅರ್ಜಿಗೆ ಸಹಿ ಹಾಕಿದವನು ನಾನು, ಈಗ ಸುಳ್ಳು ಎಂದರೆ ನನ್ನ ಮುಖ ಎಲ್ಲಿಡಲಿ, ಭಾವನೂ ಒಳಗೆ ಹೋಗುತ್ತಾನೆ, ನಿನ್ನ ಸಂಸಾರವೂ ಹಾಳು, ಸ್ವಲ್ಪ ದಿನ ಹೋಗಲಿ ಎಂದ. ನನ್ನ ಸಂಸಾರದ ಚಿಂತೆ ಅವನಿಗೆ ಎಷ್ಟಿದೆ ನೋಡು. ಅವನದೇ ಸಂಸಾರ ಮುಗಳಖೋಡದಲ್ಲಿ ಕೂತಿದೆ. ಅವ್ವನಿಗೆ ಹೇಳುವ ಧೈರ್ಯ ನನಗೆ ಆಗಿಲ್ಲ. ಕೋಮಲ ಈಗ ನಿನ್ನ ಹೆಸರು ತೆಗೆಯುವುದಿಲ್ಲ. ತೆಗೆದರೆ ಅಜ್ಜಿ ಎದ್ದು ಒಳಗೆ ಹೋಗುತ್ತಾಳೆ ಎಂದು ಅದು ಕಲಿತುಕೊಂಡಿದೆ. ಹೋದ ವಾರ ನನ್ನ ಸೆರಗು ಹಿಡಿದು, ಅಜ್ಜ ಬಣ್ಣ ತಿಂದಿದ್ದು ಹೇಳಿದರೆ ಅವ್ವ ವಾಪಸ್ ಬರತಾಳೇನು ಎಂದು ಕಿವಿಯಲ್ಲಿ ಕೇಳಿತು. ಅಷ್ಟು ಸಣ್ಣ ಮಗುವಿಗೆ ತಿಳಿದದ್ದು ನಮಗೆ ಯಾರಿಗೂ ತಿಳಿಯಲಿಲ್ಲ. ಅದಾದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಮೊನ್ನೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟೆ. ನಾನೇ ಟೈಪ್ ಮಾಡಿದ್ದು, ಈ ಸಲ ಚಂದ ಮಾಡದೆ. ಔಷಧದ ಡಬ್ಬಿಯನ್ನೂ ಒಪ್ಪಿಸಿದೆ. ಸಸಾಣದ ವಿಷಯ ನಾವು ನೋಡುತ್ತೇವೆ, ತಂದೆಯವರದಕ್ಕೆ ಠಾಣೆಗೆ ಹೋಗಿ ಎಂದರು. ಠಾಣೆಯಲ್ಲಿ, ಮುಚ್ಚಿದ ಕಡತ ತೆಗೆಯಬೇಕಾದರೆ ಇದರಲ್ಲಿ ನೊಂದವರು ಅರ್ಜಿ ಕೊಡಲಿ ಎಂದರು. ನೊಂದವರು ಎಂದರೆ ಹಾಲೇಶ ಎಂದು ಅವರು ತಿಳಿದಿದ್ದಾರೆ. ನೊಂದವಳು ನೀನು. ಆ ಹೇಳಿಕೆಯ ಸಹಿ ಮಾಡಿದ ನಕಲು ಇದರ ಜೊತೆಗಿದೆ. ರಾಯಬಾಗದಲ್ಲಿ ಯಾರಾದರೂ ವಕೀಲರಿಗೆ ತೋರಿಸು, ನಿನ್ನ ಹೆಸರಿನಲ್ಲೇ ಅರ್ಜಿ ಹಾಕು. ಸಾಕ್ಷಿಗೆ ನಾನು ಎಲ್ಲಿಗೆ ಕರೆದರೂ ಬರುತ್ತೇನೆ. ಕೋಮಲಳನ್ನು ಕೇಳುವಾಗಲೂ ಗಟ್ಟಿಯಾಗಿ ಕೇಳು. ನೀನು ಯಾರ ಹತ್ತಿರವೂ ಬೇಡಿಕೊಳ್ಳುವ ಸ್ಥಿತಿಯಲ್ಲಿಲ್ಲ, ಈಗ ಬೇಡಬೇಕಾದವರು ನಾವು.

ಸಂಗ್ರಾಮ ನಿನ್ನೆಯಿಂದ ಮನೆಗೆ ಬಂದಿಲ್ಲ. ನಿಪ್ಪಾಣಿಯಲ್ಲಿ ಯಾರೋ ಪಂದ್ಯದ ಗೆಳೆಯನ ಮನೆಯಲ್ಲಿದ್ದಾನೆ ಎಂದು ಕೇಳಿದೆ. ಅವನ ಮೂವತ್ತು ಹಕ್ಕಿಗಳಿಗೆ ಬೆಳಿಗ್ಗೆ ಜೋಳ ಹಾಕಿದವಳು ನಾನೇ. ಅವು ಏನು ಮಾಡಿಯಾವು ಪಾಪ. ಟವರಿನ ಮೇಲೆ ಯಾವುದೂ ಕೂರುವುದಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲಿನ ಸಾಲಿನಲ್ಲಿ ಕಾಣುತ್ತದೆ. ಅದನ್ನು ಬರೆದರೆ ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ. ಅಷ್ಟು ಕೆಲಸವನ್ನೂ ನಿನಗೆ ಹಚ್ಚಲು ಮನಸ್ಸಿಲ್ಲ.

ಇಂತು, ನಿನ್ನ ನಾದಿನಿ ಎಂದು ಹೇಳಿಕೊಳ್ಳಲು ಮುಖವಿಲ್ಲದ
ಅನುಸೂಯಾ

ತಾ. ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಒಡೆದಿದ್ದೇನೆ. ಫೋನಿನ ಮಾತಿಗೆ ಆಮೇಲೆ ಬರುತ್ತೇನೆ ಎಂದು ಬರೆದು ಬಾರದೆಯೇ ಸಹಿ ಹಾಕಿಬಿಟ್ಟೆ. ಬೂದಿಯ ದಾರ ಹರಿದಿರಲಿಲ್ಲ. ಸಂಗ್ರಾಮ ಸ್ನಾನಕ್ಕೆ ಇಳಿದಾಗ ನಾನು ಕತ್ತರಿಯಿಂದ ಕತ್ತರಿಸಿದೆ. ಸಸಾಣಕ್ಕೆ ಕಟ್ಟಿದ್ದಾನೆ ಎಂದು ಗೊತ್ತಿತ್ತು, ವಿಷ ಬಳಿದಿದ್ದಾನೆ ಎಂದು ಗೊತ್ತಿರಲಿಲ್ಲ. ಸಸಾಣ ಇಳಿದಾಗ ಉರುಳು ಹಾಕಿ ಹಿಡಿಯುತ್ತಾನೆ ಅಂದುಕೊಂಡಿದ್ದೆ. ಕುತ್ತಿಗೆಯ ನೇರಳೆಯನ್ನು ನಾನೂ ಪಂದ್ಯದ ಬಣ್ಣ ಎಂದೇ ತಿಳಿದೆ. ಹಾರಿಸಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿ, "ಬೂದಿ ಬರಾಕತ್ತೇತಿ, ದಣದಿರ್ತೇತಿ, ಮೊದಲ ಬಾಯಿನೀರ ಕೊಡಪಾ" ಎಂದೆ. ಮಧ್ಯಾಹ್ನ ಶಿರಗುಪ್ಪಿಗೆ ಬಂದಾಗ ಅಪ್ಪನ ಅಂಗಿಯ ಕಿಸೆಯಿಂದ ಫೋನ್ ತೆಗೆದು ಆ ಕರೆಯನ್ನು ಅಳಿಸಿದೆ. ಹಕ್ಕಿ ಬಿಟ್ಟವಳು ನಾನೆಂದು ಸಂಗ್ರಾಮನಿಗೆ ತಿಳಿದರೆ ಬೈಯುತ್ತಾನೆ ಎಂಬ ಅಷ್ಟೇ ಹೆದರಿಕೆ. ಅಷ್ಟಕ್ಕೆ ನಿನ್ನನ್ನು ಸುಳ್ಳಿ ಮಾಡಿದೆ. ಇಲಾಖೆಗೆ ಕೊಟ್ಟ ಹೇಳಿಕೆಯಲ್ಲೂ ಇದನ್ನು ಬರೆದಿಲ್ಲ, ಅಲ್ಲಿಯೂ ದಾರ ಹರಿಯಿತು ಎಂದೇ ಇದೆ. ನಿನ್ನ ವಕೀಲರಿಗೆ ಆ ನಕಲಿನ ಜೊತೆ ಈ ಹಾಳೆಯನ್ನೂ ಕೊಡು. ನೀನು ಹೇಳಿದ್ದು ಒಂದಕ್ಷರವೂ ಸುಳ್ಳಲ್ಲ. ಅಪ್ಪ ನಗುತ್ತಲೇ ಮಾಳಿಗೆ ಹತ್ತಿದ.